ಅಂಬಿಗರ ಸುಗಲಮ್ಮನ ಹದಿನಾಲ್ಕು ದಿನ

ಹುಣಸಗಿಯಿಂದ ಕೃಷ್ಣಾ ಹೊಳೆಯ ಕಡೆಗೆ ಇಳಿದು ಹೋದರೆ ರಸ್ತೆ ಮುಗಿಯುವಲ್ಲಿ ಬನ್ನಿಗಡ್ಡಿ ಎಂಬ ಊರು ಸಿಗುತ್ತದೆ. ಬಸ್ಸು ದಿನಕ್ಕೆ ಎರಡು ಸಲ ಬರುತ್ತದೆ, ಅದೂ ಅದಕ್ಕೆ ಮನಸ್ಸು ಬಂದರೆ. ಊರ ಮುಂದಿನ ಹೊಳೆದಂಡೆಯಲ್ಲಿ ಹರಿಗೋಲು ಹಾಕುವವಳು ಸುಗಲಮ್ಮ. ವಯಸ್ಸು ಐವತ್ತರ ಹತ್ತಿರ, ಮಾತು ಕಡಿಮೆ, ತೋಳು ಮಾತ್ರ ಗಂಡಸರನ್ನು ನಾಚಿಸುವಂಥದು. ಅವಳ ಬಗ್ಗೆ ಊರಿನವರನ್ನು ಕೇಳಿದರೆ ಅರ್ಧ ಮಂದಿ ‘ಹಾವಿನ ದ್ವೇಷ ಹನ್ನೆರಡು ವರ್ಷ, ಆಕಿದು ಜಲ್ಮದ್ದು’ ಎನ್ನುತ್ತಾರೆ. ಉಳಿದರ್ಧ ಮಂದಿ ಆಚೀಚೆ ನೋಡಿ, ನಕ್ಕು, ‘ಛಲೋ ಮಾಡಿದ್ಳು’ ಎನ್ನುತ್ತಾರೆ. ನನ್ನನ್ನು ಕೇಳಿದರೆ ನಾನು ಎರಡನೆಯ ಗುಂಪಿನವನು, ಮುಚ್ಚಿಡುವುದೇನಿದೆ?

ಸುಗಲಮ್ಮನ ತವರು ಶಹಾಪುರದ ಕಡೆಯ ಬಯಲು ಊರು. ಅಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಮಿನುಗುವ ವಸ್ತು. ಹದಿನೇಳಕ್ಕೆ ಮದುವೆಯಾಗಿ ಬಂದವಳು ಹೊಳೆ ನೋಡಿ ನಡುಗಿದ್ದಳು. ಅತ್ತೆ ಗೊಲ್ಲಾಳಮ್ಮ ಮದುವೆಯ ಅರಿಶಿನ ಮಾಸುವ ಮೊದಲೇ ಅವಳನ್ನು ಹರಿಗೋಲಿನಲ್ಲಿ ಕೂಡಿಸಿ ಕೈಗೆ ಹುಟ್ಟು ಕೊಟ್ಟು, “ಹೊಳಿಗಿ ಅಂಜಿದ್ರ ಹೊಳಿ ಮೈಮ್ಯಾಲ ಬರ್ತದ. ಕಣ್ಣಾಗ ಕಣ್ಣಿಟ್ಟು ನೋಡು,” ಎಂದಿದ್ದಳು. ಗಂಡ ಸತ್ತ ಮೇಲೆ ಹರಿಗೋಲು ಹಾಕಿಯೇ ಒಬ್ಬ ಮಗನನ್ನು ಸಾಕಿದ ಹೆಂಗಸು ಅವಳು. ಸೊಸೆಗೆ ಬೈದದ್ದೂ ಉಂಟು, ಈಗ ಗಂಡನ ಮನೆಯಲ್ಲಿರುವ ಮೊಮ್ಮಗಳು ಹುಟ್ಟಿದಾಗ ಬಾಣಂತನದಲ್ಲಿ ನಲವತ್ತು ದಿನ ತಾನೇ ಎರೆದು ಕಾಪಾಡಿದ್ದೂ ಉಂಟು. ವೃತ್ತಿಯ ಕಟ್ಟುಪಾಡನ್ನೂ ಅವಳೇ ಕಲಿಸಿದಳು. ಹೆರಿಗೆಗೆಂದು, ಸಾವಿಗೆಂದು ಆಚೆ ದಡದಿಂದ ಯಾರೇ ಕೂಗಲಿ, ವೈರಿಯೇ ಇರಲಿ, ಅಂಬಿಗರು ಹರಿಗೋಲು ಇಳಿಸಲೇಬೇಕು. ಆ ದಾರಿಗೆ ದುಡ್ಡು ಮುಟ್ಟಬಾರದು.

ಮೇಲುಗಡೆ ಸೇತುವೆ ಆದ ಮೇಲೆ ಹರಿಗೋಲಿಗೆ ಗಿರಾಕಿ ಕಡಿಮೆಯಾದರು. ಸುಗಲಮ್ಮನ ಗಂಡ ಅಯ್ಯಣ್ಣ ಕಡೇಚೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಚೀಲ ಹೊರುವ ಕೆಲಸಕ್ಕೆ ಹೋದ. ತಿಂಗಳಿಗೊಮ್ಮೆ ಬಂದು ಅವ್ವನ ಕಾಲೊತ್ತಿ, ಮೀನಿನ ಸಾರುಂಡು ಹೋಗುತ್ತಿದ್ದ. ಮೆತ್ತಗಿನ ಮನುಷ್ಯ. ಸುಗಲಮ್ಮನಿಗೆ ಗಂಡನ ಮೇಲಿದ್ದ ಒಂದೇ ದೂರು ಅದು.

ಹೀಗಿರುವಾಗ ಹೊಸ ರೋಗವೊಂದು ಬಂದು, ಆ ವರ್ಷದ ಯುಗಾದಿಯ ಹೊತ್ತಿಗೆ ದೇಶಕ್ಕೆ ಬೀಗ ಬಿತ್ತು.

ಮೊದಲ ದಿನಗಳಲ್ಲಿ ಬನ್ನಿಗಡ್ಡಿಗೆ ಅದೊಂದು ಹಬ್ಬ. ತಟ್ಟೆ ಬಡಿಯಿರಿ ಎಂದಾಗ ತಟ್ಟೆ ಬಡಿದರು, ಬೇವಿನ ಸೊಪ್ಪು ಬಾಗಿಲಿಗೆ ಕಟ್ಟಿದರು, ಅರಿಶಿನದ ನೀರು ಅಂಗಳಕ್ಕೆ ಚಿಮುಕಿಸಿದರು. ಮೂರನೆಯ ದಿನಕ್ಕೆ ಮೊಬೈಲುಗಳಲ್ಲಿ ಹೆದರಿಕೆ ಹರಿದು ಬಂತು, ಮತ್ತು ಹೆದರಿಕೆಗೆ ಒಬ್ಬ ಯಜಮಾನ ಬೇಕಾಗಿತ್ತು. ಕಿರಾಣಿ ಅಂಗಡಿಯ ಭೀಮಾಶಂಕರ ಆ ಪಟ್ಟಕ್ಕೆ ತಾನೇ ಏರಿದ. ಪಂಚಾಯಿತಿ ಮೆಂಬರು, ಸಂಗಮನಾಥ ಸಾವ್ಕಾರರ ಹಿರಿಮಗ, ಹಣೆಯ ಮೇಲೆ ಮೂರು ಬೆರಳಗಲ ವಿಭೂತಿ. ಜಾಲಿಕಂಟಿ ಕಡಿಸಿ ಊರಿಗೆ ಬರುವ ದಾರಿಗೆ ಅಡ್ಡ ಹಾಕಿಸಿದ. ಚಿಕ್ಕಪ್ಪನ ಮಗ ಹಣಮೇಶನನ್ನು ಮುಂದೆ ಮಾಡಿ ಹತ್ತು ಹುಡುಗರ ಕೈಗೆ ಬಡಿಗೆ ಕೊಟ್ಟ. ಹೊರಗಿನಿಂದ ಯಾರೇ ಬರಲಿ, ಊರವನೇ ಆಗಿರಲಿ, ಕಂಟಿಯಾಚೆಯ ಬೇವಿನ ಮರದ ಕೆಳಗೆ ಹದಿನಾಲ್ಕು ದಿನ. ಇದು ಅವನ ಕಾಯ್ದೆ. ಚಾವಡಿ ಕಟ್ಟೆಯ ಮೇಲೆ ನಿಂತು ಸಾರಿದಾಗ ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಹೊಳೆದಂಡೆಗೆ ಬಂದ. ಆಚೆ ದಡ ರಾಯಚೂರು ಜಿಲ್ಲೆ, ಅಲ್ಲಿಂದ ಯಾರೂ ದಾಟಬಾರದು. ಬೋರಲು ಹಾಕಿದ್ದ ಐದು ಹರಿಗೋಲುಗಳಲ್ಲಿ ನಾಲ್ಕನ್ನು ಹುಡುಗರು ಕುಡಗೋಲಿನಿಂದ ಸೀಳಿದರು. ಅಂಬಿಗರ ಮನೆಯ ಗಂಡಸರು ಕೈಕಟ್ಟಿ ನಿಂತು ನೋಡಿದರು. ಸುಗಲಮ್ಮನ ಹರಿಗೋಲಿನ ಹತ್ತಿರ ಬಂದಾಗ ಭೀಮಾಶಂಕರ ಕೈ ಅಡ್ಡ ಹಿಡಿದು, “ಇದೊಂದು ಇರ್ಲಿ. ಯಾರಿಗರ ಹುಷಾರಿಲ್ಲಂದ್ರ ಬೇಕಾಗ್ತದ,” ಎಂದ.

ಹುಷಾರಿಲ್ಲದ್ದು ಯಾರಿಗೆಂದು ಮೂರು ದಿನಕ್ಕೆ ಗೊತ್ತಾಯಿತು. ಅವನ ಅಂಗಡಿಗೆ. ಗುಟ್ಕಾ, ಬೀಡಿ ಎಲ್ಲ ಕಡೆ ಬಂದಾಗಿ ಹತ್ತರ ಮಾಲು ನೂರಕ್ಕೆ ಹೋಗುತ್ತಿತ್ತು, ಆಚೆ ದಡದ ಒಂದು ಗೋದಾಮಿನಲ್ಲಿ ಮಾಲು ಇತ್ತು. ವಾರಕ್ಕೆರಡು ಸಲ ಬೆಳಗಿನ ಹೊತ್ತು, ಊರಿನ ಕಣ್ಣಿಗೆ ಬೀಳದ ಹಾಗೆ ದಂಡೆಯಲ್ಲಿ ಆಳೆತ್ತರ ಬೆಳೆದ ಆಪಿನ ಹುಲ್ಲಿನ ಮರೆಯಿಂದ, ಸುಗಲಮ್ಮ ಅವನನ್ನು ದಾಟಿಸಬೇಕು, ಮಧ್ಯಾಹ್ನ ಕರೆತರಬೇಕು. ಒಲ್ಲೆ ಅಂದರೆ ಐದನೆಯ ಹರಿಗೋಲಿಗೂ ಕುಡಗೋಲು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಊರಿಗೆ ಇದು ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಗುಟ್ಕಾ ತುಂಬಿದ ಬಾಯಿ ಮಾತಾಡುವುದು ಹೇಗೆ?

ಅಯ್ಯಣ್ಣ ಬಂದದ್ದು ಅದಾದ ವಾರಕ್ಕೆ. ಫ್ಯಾಕ್ಟರಿ ಮುಚ್ಚಿ, ಬಸ್ಸಿಲ್ಲದೆ, ಕಡೇಚೂರಿನಿಂದ ನಡೆದೇ ಬಂದಿದ್ದ. ಯಾದಗಿರಿಯಲ್ಲಿ ಪೊಲೀಸರ ಲಾಠಿ ತಿಂದ. ಶಹಾಪುರದಲ್ಲಿ ರಾಜಾಸಾಬ ಎಂಬ ಹಣ್ಣಿನ ವ್ಯಾಪಾರಿ ಅರ್ಧ ಕಲ್ಲಂಗಡಿಯನ್ನು ಬಂಡಿಯ ಮೇಲಿಟ್ಟು ತಾನು ದೂರ ಸರಿದು ನಿಂತು ತಿನ್ನಿಸಿದ. ಸುರಪುರದಲ್ಲಿ ಮಾಳಿಗೆಯ ಮೇಲಿಂದ ಯಾರೋ ತಾಯಿ ರೊಟ್ಟಿ ಕಟ್ಟಿ ಒಗೆದಳು. ಹೀಗೆ ಗುರುತಿಲ್ಲದವರ ದಯೆಯಿಂದ ಐದು ದಿನ ನಡೆದು ಬಂದವನು ತನ್ನ ಊರಿನ ಮುಳ್ಳಿನ ಮುಂದೆ ನಿಂತ. ಚಪ್ಪಲಿ ಹರಿದು ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ.

“ಕಡೇಚೂರಾಗ ಯಾವ್ಯಾವ ದೇಶದವ್ರು ಅದಾರ. ಅಲ್ಲೇ ಮರದ ಕೆಳಗ ಕುಂದ್ರು,” ಎಂದ ಭೀಮಾಶಂಕರ.

“ಕುಂದ್ರತೀನ್ರಿ ಧಣ್ಯಾರ. ಅವ್ವಗ ಭಾಳ ಆರಾಮಿಲ್ಲಂತ. ಒಂದ್ಸಲ ದೂರಿಂದ ಮಾರಿ ನೋಡಿ ಬರ್ತೀನಿ.”

“ಕಾಯ್ದಾ ಅಂದ್ರ ಎಲ್ರಿಗೂ ಒಂದ.”

ಗೊಲ್ಲಾಳಮ್ಮನಿಗೆ ಚಳಿಗಾಲದಿಂದಲೇ ಉಬ್ಬಸವಿತ್ತು. ಮಗ ಊರ ಬಾಗಿಲಿಗೆ ಬಂದು ಕೂತಿದ್ದಾನೆಂದು ತಿಳಿದು ಎರಡು ದಿನ ಕಣ್ಣು ಬಾಗಿಲಿಗೆ ನೆಟ್ಟು ಮಲಗಿದ್ದಳು. “ಅಯ್ಯಣ್ಣ ಬಂದನೇನು?” ಎಂದು ಕೇಳುವುದು, ಸುಗಲಮ್ಮ “ಬರಾಕತ್ತಾನಬೇ” ಎನ್ನುವುದು. ಮೂರನೆಯ ದಿನ ಮುಂಜಾನೆ ಕೇಳುವುದನ್ನು ನಿಲ್ಲಿಸಿದಳು.

ಸುಗಲಮ್ಮ ತಲೆ ಕೆದರಿಕೊಂಡು ಭೀಮಾಶಂಕರನ ಅಂಗಡಿಯ ಮುಂದೆ ಹೋಗಿ ನಿಂತಳು. ಅವಳು ಯಾರ ಕಾಲಿಗೂ ಬಿದ್ದವಳಲ್ಲ, ಅವತ್ತು ಬಿದ್ದಳು. “ಒಬ್ಬನ ಮಗ ಅದಾನ್ರೀ. ಒಂದು ಹಿಡಿ ಮಣ್ಣು ಕೊಟ್ಟು ಹೊಳ್ಳಿ ಅಲ್ಲೇ ಹೋಗಿ ಕುಂದ್ರತಾನ. ಬೇಕಾದ್ರ ಎಲ್ರೂ ದೂರ ನಿಂದ್ರಿ.” ಭೀಮಾಶಂಕರ ಎರಡು ಹೆಜ್ಜೆ ಹಿಂದೆ ಸರಿದು, ಮೂಗಿಗೆ ಟವೆಲ್ಲು ಒತ್ತಿಕೊಂಡು ಹೇಳಿದ: “ಸತ್ತವ್ರಿಗೇನು ಗೊತ್ತಾಗ್ತದ ಸುಗಲವ್ವ, ಯಾರು ಮಣ್ಣು ಹಾಕಿದ್ರು ಅಂತ? ಯಾರರ ಹಾಕಿದ್ರಾತು.”

ಹೆಣವನ್ನು ಊರ ಹಿಂದಿನಿಂದ ಒಯ್ದರು, ಬೇವಿನ ಮರದ ಕಡೆಯಿಂದ ಒಯ್ಯಲಿಲ್ಲ. ಹೆಣದ ಮುಂದೆ ಬಡಿಯುವ ಹಲಗೆಯ ಸದ್ದು ದೂರವಾಗುತ್ತಿದ್ದಂತೆ ಅಯ್ಯಣ್ಣ ಎದ್ದು ಮುಳ್ಳಿನ ಮೇಲೆ ಬಿದ್ದು ದಾಟಲು ನೋಡಿದ. ಹಣಮೇಶನ ಹುಡುಗರು ಬಡಿಗೆಯಿಂದ ಎದೆಗೆ ಒತ್ತಿ ಹಿಂದಕ್ಕೆ ತಳ್ಳಿದರು. ಮೈತುಂಬ ಮುಳ್ಳು ಗೀರಿಸಿಕೊಂಡು ಅವ್ವಾ ಅವ್ವಾ ಎಂದು ಕೂಗಿದ್ದು ಕುಣಿಯ ತನಕ ಕೇಳುತ್ತಿತ್ತು. ಕುಣಿಯ ಹತ್ತಿರ ನಿಂತವರು ಕೇಳದವರಂತೆ ನೆಲ ನೋಡಿದರು. ಮೊದಲ ಹಿಡಿ ಮಣ್ಣನ್ನು ಯಾರೋ ದೂರದ ಸಂಬಂಧಿಯ ಕೈಲಿ ಹಾಕಿಸಿದರು. ಎರಡನೆಯದು ಸುಗಲಮ್ಮ ಹಾಕಿದಳು. ಹಾಕುವಾಗ ಅತ್ತೆಗೆ ಏನು ಹೇಳಿದಳೆಂದು ಅವಳು ಯಾರಿಗೂ ಹೇಳಿಲ್ಲ, ನಮಗೆ ಊಹಿಸುವುದು ಕಷ್ಟವಿಲ್ಲ.

ಹದಿನಾಲ್ಕು ದಿನ ಮುಗಿಸಿ ಅಯ್ಯಣ್ಣ ಮನೆಗೆ ಬಂದ. ಒಂದು ಸೀನೂ ಸೀನಿರಲಿಲ್ಲ. ಬಂದವನು ಅವ್ವನ ಕೌದಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿ ಕೂತ. ಸುಗಲಮ್ಮ ಕಾದು ನೋಡಿದಳು, ಈಗ ಏಳುತ್ತಾನೆ, ಈಗ ಕುಡಗೋಲು ಹಿಡಿಯುತ್ತಾನೆ, ಹೋಗಲಿ, ಅಂಗಡಿಯ ಮುಂದೆ ನಿಂತು ನಾಲ್ಕು ಬೈಗುಳವನ್ನಾದರೂ ಬೈಯುತ್ತಾನೆ ಎಂದು. ಅವನು ಏಳಲಿಲ್ಲ. ಅವಳು ಕೆಂಡವನ್ನು ಸೆರಗಿನಲ್ಲಿ ಕಟ್ಟಿಕೊಂಡು ಅದೇ ಭೀಮಾಶಂಕರನನ್ನು ವಾರಕ್ಕೆರಡು ಸಲ ದಾಟಿಸುತ್ತಲೇ ಇದ್ದಳು. ನಡುಹೊಳೆಯಲ್ಲಿ ಮಡು ಬರುತ್ತದೆ, ಮೊಸಳೆ ಇರುವ ಜಾಗ. ಹುಟ್ಟಿನ ಒಂದು ತಿರುವು ಸಾಕು, ಕಿರಾಣಿ ವ್ಯಾಪಾರಿಗೆ ಈಜು ಬರುವುದಿಲ್ಲ. ಒಂದೊಂದು ಸಲವೂ ಅವಳಿಗೆ ಅದು ಹೊಳೆಯಿತು. ಒಂದೊಂದು ಸಲವೂ ಬಿಟ್ಟಳು, ದಯೆಯಿಂದಲ್ಲ. ನೀರಿಗೆ ಬಿದ್ದವನು ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತಾನೆ, ಅವನಿಗೆ ಏನೂ ತಿಳಿಯುವುದಿಲ್ಲ. ಅವನಿಗೆ ತಿಳಿಯಬೇಕಾಗಿತ್ತು.

ಆ ದಿನ ಮುಂಜಾನೆ ಎಂದಿನಂತೆ ಅವನನ್ನು ಆಚೆ ದಡಕ್ಕೆ ಬಿಟ್ಟು ಬಂದಳು. ಬಿಸಿಲೇರುವ ಹೊತ್ತಿಗೆ ಹಣಮೇಶ ಏದುಸಿರು ಬಿಡುತ್ತ ಹೊಳೆದಂಡೆಗೆ ಓಡಿ ಬಂದ.

“ಸುಗಲವ್ವ, ದೊಡ್ಡಪ್ಪ ಹೋಗಿಬಿಟ್ಟ! ಜಳಕ ಮಾಡಿ ಕುಂತಾಂವ ಕುಂತಲ್ಲೇ ಹೋದ. ಅಣ್ಣಗ ಫೋನ್ ಮಾಡೇನಿ, ಆಚಿ ದಂಡಿಗಿ ಬಂದು ನಿಂತಾನ. ಲಗೂ ಹೋಗು.”

ಭೀಮಾಶಂಕರನ ಅಪ್ಪ ಸಂಗಮನಾಥ ಸಾವ್ಕಾರರಿಗೆ ಎಂಬತ್ತು ದಾಟಿತ್ತು. ಸೇತುವೆಯ ದಾರಿ ಹಿಡಿಯೋಣವೆಂದರೆ ಪೊಲೀಸ್ ಚೌಕಿ, ಪಾಸು ಬೇಕು, ಪಾಸು ಬರುವ ಹೊತ್ತಿಗೆ ಮಣ್ಣು ಮುಗಿದಿರುತ್ತದೆ. ಊರಿನ ನಾಲ್ಕು ಹರಿಗೋಲು ಸೀಳಿ ಬಿದ್ದಿದ್ದವು. ದಂಡೆಯಲ್ಲಿ ಕೂತಿದ್ದ ಅಂಬಿಗರ ಗಂಡಸರು ಸುಗಲಮ್ಮನ ಮುಖ ನೋಡಿದರು. ಅವಳು ಒಲ್ಲೆ ಅನ್ನುತ್ತಾಳೆಂದು ಅವರಿಗೆ ಖಾತ್ರಿಯಿತ್ತು, ಅನ್ನಲಿ ಎಂಬ ಆಸೆಯೂ ಇತ್ತು.

ಸುಗಲಮ್ಮ ಸೀರೆ ಎತ್ತಿ ಕಟ್ಟಿ ಹರಿಗೋಲನ್ನು ನೀರಿಗೆ ಇಳಿಸಿದಳು. ಗೊಲ್ಲಾಳಮ್ಮ ಕಲಿಸಿದ ಕಟ್ಟುಪಾಡನ್ನು ಮುರಿಯುವ ಹೆಂಗಸಲ್ಲ ಅವಳು. ಇಳಿಸುವ ಮುಂಚೆ ಮನೆಗೆ ಹೇಳಿ ಕಳಿಸಿ ಒಂದು ಕೌದಿ, ನೀರಿನ ಕೊಡ, ಹಿಟ್ಟಿನ ಗಂಟು ತರಿಸಿ ದಂಡೆಯ ಮೇಲಿಟ್ಟಳು. ಯಾಕೆಂದು ಯಾರೂ ಕೇಳಲಿಲ್ಲ.

ಆಚೆ ದಡದಲ್ಲಿ ಭೀಮಾಶಂಕರ ಗುಟ್ಕಾದ ಚೀಲವನ್ನು ಅಲ್ಲೇ ಎಸೆದು, ಮೊಳಕಾಲುದ್ದ ನೀರಿಗೆ ಇಳಿದೇ ನಿಂತಿದ್ದ. ಹರಿಗೋಲು ಹತ್ತಿದವನು ಮಗುವಿನಂತೆ ಅತ್ತ. “ಲಗೂ ಹಾಕು ಸುಗಲವ್ವ. ಅಪ್ಪನ ಮಾರಿ ನೋಡ್ಬೇಕು. ಹಿರಿಮಗ ಅದೇನಿ, ನಾ ಕುಣ್ಯಾಗ ಬಿಲ್ವಪತ್ರಿ ಏರಸ್ಲಿಲ್ಲಂದ್ರ, ನಾ ಮಣ್ಣು ಕೊಡ್ಲಿಲ್ಲಂದ್ರ ಹ್ಯಾಂಗ?”

“ಬರಾಕತ್ತೇವಲ್ರಿ,” ಎಂದಳು ಅವಳು. ಅವನ ಅಳು ಅವಳ ಕಿವಿಗೆ ಬೆಲ್ಲದಷ್ಟು ಸಿಹಿಯಾಗಿತ್ತು. ಹಾಗೆ ಅನಿಸಿತೆಂದು ಅವಳು ಇವತ್ತಿಗೂ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

ಬೇಗ ಬೇಗ ಹುಟ್ಟು ಹಾಕಿದಳು, ಎಲ್ಲೂ ತಡ ಮಾಡಲಿಲ್ಲ. ಆದರೆ ಎಂದಿನ ಹುಲ್ಲಿನ ಮರೆಗೆ ತಿರುಗಿಸಲಿಲ್ಲ. ನೇರ ಊರ ಮುಂದಿನ ದೊಡ್ಡ ಸ್ನಾನಘಟ್ಟಕ್ಕೆ ತಂದಳು. ಹೆಣಕ್ಕೆ ಎರೆಯಲು ಹೊಳೆಯ ನೀರು ತುಂಬಲೆಂದು ಅರ್ಧ ಊರು ಅಲ್ಲಿ ನೆರೆದಿತ್ತು. ದಡ ಇನ್ನೂ ಹತ್ತು ಮಾರು ಇರುವಾಗಲೇ ಸುಗಲಮ್ಮ ಎದ್ದು ನಿಂತು, ಹೊಳೆಯಾಚೆಗೆ ಕೂಗಿ ಕೂಗಿ ಪಳಗಿದ ಗಂಟಲಿನಿಂದ ಕೂಗಿದಳು:

“ಯಾರೂ ಸಮೀಪ ಬರಬ್ಯಾಡ್ರೋ! ಮೆಂಬರ್ರು ಬ್ಯಾರೆ ಜಿಲ್ಲಾಕ್ಕ ಹೋಗಿ ಬಂದಾರ! ಗೋದಾಮಿನ್ಯಾಗ ಹತ್ತು ಊರಿನ ಮಂದಿ ಜೋಡಿ ಕುಂತು ಬಂದಾರ! ಇದು ಮೊದಲ್ನೇ ಸಲ ಅಲ್ಲ, ಹನ್ನೆರಡ್ನೇ ಸಲ. ದಾಟ್ಸಿದಾಕಿ ನಾನ!”

ಎರಡು ದಿನದ ಹಿಂದಷ್ಟೇ ಆಚೆ ದಡದ ಯಾವುದೋ ಹಳ್ಳಿಯಿಂದ ಒಬ್ಬನನ್ನು ಅಂಬುಲೆನ್ಸಿನಲ್ಲಿ ಒಯ್ದರೆಂಬ ಸುದ್ದಿ ಎಲ್ಲರ ಮೊಬೈಲಿನಲ್ಲೂ ಓಡಾಡಿತ್ತು. ಗೊತ್ತಿದ್ದೂ ಸುಮ್ಮನಿದ್ದವರಿಗೆ ಈಗ ಎಲ್ಲರೆದುರು ಕೇಳಿಸಿಬಿಟ್ಟಿತ್ತು, ಇನ್ನು ಗೊತ್ತಿಲ್ಲ ಅನ್ನುವ ಹಾಗಿರಲಿಲ್ಲ. ಜನ ಕೊಡ ಬಿಟ್ಟು ಹಿಂದೆ ಸರಿದರು. ಭೀಮಾಶಂಕರ ದಡಕ್ಕೆ ಹಾರಿ ಮುಂದೆ ಬಂದಷ್ಟೂ ಅವರು ಹಿಂದೆ ಹೋದರು. ಸೆರಗು, ಟವೆಲ್ಲು ಮೂಗಿಗೆ ಏರಿದವು.

“ಹಣಮೇಶಾ, ದಾರಿ ಬಿಡಿಸೋ. ನಾನೋ, ಭೀಮಾಶಂಕರ!”

ಹಣಮೇಶನ ಮನೆಯಲ್ಲಿ ಮೂರು ತಿಂಗಳ ಕೂಸಿತ್ತು. ಅವನ ಕೈಯಲ್ಲಿದ್ದ ಬಡಿಗೆ ತನ್ನಷ್ಟಕ್ಕೆ ತಾನೇ ಅಡ್ಡವಾಯಿತು. “ಅಣ್ಣಾ... ನೀನ ಮಾಡಿದ್ದಲ್ಲ ಕಾಯ್ದಾ. ಇವತ್ತು ಬಿಟ್ರ ನಾಳಿ ಮಂದಿ ನಮ್ಮ ಮಾರಿಗಿ ಉಗುಳ್ತಾರ.”

“ನಮ್ಮಪ್ಪ ಸತ್ತಾನಲೇ!”

ಹಿಂದಿನಿಂದ ಯಾವುದೋ ಮುದುಕಿಯ ದನಿ ಬಂತು: “ಮಾಡಿದ್ದುಣ್ಣೋ ಮಹಾರಾಯ.”

ಭೀಮಾಶಂಕರ ಸುಗಲಮ್ಮನ ಕಡೆ ತಿರುಗಿದ. “ಈಕೀನೂ ಬಂದಾಳಲ್ರಿ ನನ್ನ ಜೋಡಿ! ಈಕಿಗಿ ಇಲ್ಲೇನು ಕಾಯ್ದಾ?”

“ಅದ ರೀ,” ಎಂದಳು ಸುಗಲಮ್ಮ. ಹರಿಗೋಲನ್ನು ಮರಳಿಗೆ ಎಳೆದು, ಒಂದು ಬದಿಗೆ ಹುಟ್ಟನ್ನು ಆನಿಸಿ ಬೋರಲು ನಿಲ್ಲಿಸಿ, ಅದರ ನೆರಳಿನಲ್ಲಿ ಕೌದಿ ಹಾಸಿಕೊಂಡು ಕೂತಳು. “ನಾ ಇಲ್ಲೇ ಹದಿನಾಲ್ಕ ದಿವ್ಸ ಕುಂದ್ರತೀನಿ. ನೀವು ಅಲ್ಲಿ ಕುಂದರ್ರಿ, ಮರದ ಕೆಳಗ. ನಮ್ಮ ಯಜಮಾನ್ರು ಕುಂತು ನೆಲ ಸಪಾಟ ಮಾಡಿಟ್ಟಾರ, ಕಲ್ಲು ಚುಚ್ಚಂಗಿಲ್ಲ.” ಆಮೇಲೆ ನೆನಪಾದವಳಂತೆ, “ದಾಟಿಸಿದ್ದಕ್ಕ ರೊಕ್ಕ ಕೊಡಬ್ಯಾಡ್ರಿ. ಸಾವಿನ ದಾರಿಗಿ ನಾವು ತೊಗೊಳ್ಳಂಗಿಲ್ಲ,” ಎಂದಳು.

ಅವನು ಅತ್ತ, ಬೈದ, ಪೊಲೀಸರ ಹೆಸರು ಹೇಳಿದ, ಪಂಚಾಯಿತಿಯ ಹೆಸರು ಹೇಳಿದ. ಕೊನೆಗೆ ಹುಡುಗರ ಬಡಿಗೆಯ ಮುಂದೆ ಹಿಂದಡಿ ಇಡುತ್ತ ಇಡುತ್ತ, ಊರ ಹೊರಗಿನಿಂದ ಬಳಸಿ, ಹೊಳೆದಂಡೆಗೆ ಕಾಣುವ ಬೇವಿನ ಮರದ ತನಕ ಹೋಗಿ ಕುಸಿದು ಕೂತ. ಮಧ್ಯಾಹ್ನ ಇಳಿದಾಗ ಸಂಗಮನಾಥ ಸಾವ್ಕಾರರನ್ನು ಹೂವಿನ ವಿಮಾನ ಕಟ್ಟಿ, ಅದರಲ್ಲಿ ಕೂಡಿಸಿ ಹೊರಡಿಸಿದರು. ಇಪ್ಪತ್ತೇ ಮಂದಿ. ಹೊಲದ ದಾರಿಯಿಂದ ಹೋದರು, ಮರದ ಕಡೆ ಬರಲಿಲ್ಲ. ಹಲಗೆಯ ಸದ್ದಿಗೆ ಭೀಮಾಶಂಕರ ಎದ್ದು ನಿಂತು ಅಪ್ಪಾ ಅಪ್ಪಾ ಎಂದು ಕೂಗಿದ. ಸುಗಲಮ್ಮ ಮರಳಿನ ಮೇಲೆ ಕೂತು ಪೂರಾ ಕೇಳಿದಳು. ಯಾರು ಮಣ್ಣು ಹಾಕಿದರೆಂದು ಸತ್ತವರಿಗೆ ಗೊತ್ತಾಗುವುದಿಲ್ಲವಂತೆ, ಬದುಕಿದವನಿಗೆ ಗೊತ್ತಾಗುತ್ತದಲ್ಲ! ಅವಳ ಎದೆಯ ಮೇಲೆ ತಿಂಗಳಿನಿಂದ ಕೂತಿದ್ದ ಬಂಡೆ ಸರಿದ ಹಾಗಾಯಿತು. ಹಸಿವಾಯಿತು. ಅತ್ತೆ ಸತ್ತ ಮೇಲೆ ಅವಳಿಗೆ ಹಸಿವಾದದ್ದು ಅದೇ ಮೊದಲು.

ಆಗಲೇ ಅಯ್ಯಣ್ಣ ಊರೊಳಗಿನಿಂದ ಬಂದದ್ದು. ಗಂಡ ತನ್ನ ಕಡೆ ಬರುತ್ತಾನೆ, ಒಂದು ಮಾತು ಹೇಳುತ್ತಾನೆ ಎಂದು ಅವಳು ಕತ್ತು ಉದ್ದ ಮಾಡಿದಳು. ಅವನು ಅವಳ ಕಡೆ ನೋಡಲೂ ಇಲ್ಲ. ಮುಳ್ಳಿನ ಹತ್ತಿರ ಹೋಗಿ ನಿಂತು, ಹೆಗಲ ಮೇಲಿನ ಟವೆಲ್ಲು ತೆಗೆದು ಕಂಟಿಯ ಆಚೆಗೆ ಹಾಸಿದ.

“ಧಣ್ಯಾರ,” ಎಂದ, “ಒಂದು ಹಿಡಿ ಮಣ್ಣು ಹಾಕ್ರಿ ಇದ್ರಾಗ. ನಿಮ್ಮ ಕೈಲೆ. ಇನ್ನೂ ಕುಣಿ ಮುಚ್ಚಿಲ್ಲ. ನಾ ಒಯ್ದು ಹಾಕ್ತೀನಿ.”

ಭೀಮಾಶಂಕರ ಅವನ ಮುಖವನ್ನೇ ನೋಡಿದ. ಸುಗಲಮ್ಮನ ಕೂಗಿಗೆ, ಹಣಮೇಶನ ಬಡಿಗೆಗೆ ಬಗ್ಗದಿದ್ದ ಕತ್ತು ಆಗ ಬಗ್ಗಿತು. ಬೇವಿನ ಬುಡದ ಮಣ್ಣನ್ನು ಎರಡೂ ಕೈಯಲ್ಲಿ ತೋಡಿ ಟವೆಲ್ಲಿಗೆ ಹಾಕಿ, ಆ ಟವೆಲ್ಲಿನ ಮೇಲೆ ಹಣೆ ಇಟ್ಟ. ಅಯ್ಯಣ್ಣ ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿ, ಕುಣಿಯ ಕಡೆಗೆ ಲಗುಬಗೆಯಿಂದ ನಡೆದ. ರೋಗದ ಗಂಟು ಎಂದು ಹುಡುಗರು ಹೌಹಾರಿ ದಾರಿ ಬಿಟ್ಟರು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಸುಗಲಮ್ಮ ಹಲ್ಲು ಕಚ್ಚಿಕೊಂಡು ಕೂತಳು. ಇಷ್ಟು ದಿನ ನುಂಗಿಕೊಂಡು, ಕಾದು, ತನಗೂ ಹದಿನಾಲ್ಕು ದಿನದ ಬಿಸಿಲು ಬರೆದುಕೊಂಡು ಅವಳು ಕಟ್ಟಿದ್ದನ್ನು ಈ ಮನುಷ್ಯ ಒಂದು ಟವೆಲ್ಲಿನಲ್ಲಿ ಗಂಟು ಕಟ್ಟಿ ಒಯ್ದುಬಿಟ್ಟಿದ್ದ.

ಸಂಜೆ ಅಯ್ಯಣ್ಣ ಜಳಕ ಮಾಡಿ, ರೊಟ್ಟಿ ಬುತ್ತಿ ತಂದು ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಇಟ್ಟು ನಿಂತ.

“ನಿನಗ ನಾಚಿಕಿ ಇಲ್ಲೇನು?” ಎಂದಳು ಅವಳು. “ನಿಮ್ಮವ್ವ ಸತ್ತಾಗ ನಿನ್ನ ಕೈಯಾನ ಮಣ್ಣು ಯಾವ ಮಗ ಬಂದು ಒಯ್ದಿದ್ದ?”

ಅಯ್ಯಣ್ಣ ಹೊಳೆಯ ಕಡೆ ತಿರುಗಿದ.

“ಯಾರೂ ಒಯ್ಲಿಲ್ಲ,” ಎಂದ. “ಯಾರರ ಒಯ್ತಾರೇನಂತ ಹಿಡಿ ತುಂಬ ಮಣ್ಣು ಹಿಡ್ಕೊಂಡು ಸಂಜೀತನಕ ಕುಂತಿದ್ದೆ.”

ಅವನು ಹೋದ ಮೇಲೆ ಸುಗಲಮ್ಮ ಬುತ್ತಿ ಬಿಚ್ಚಿದಳು. ಹೊಟ್ಟೆ ಹಸಿದಿತ್ತು, ರೊಟ್ಟಿ ಬಿಸಿಯಿತ್ತು, ಮುರಿದ ತುತ್ತು ಬಾಯಿಯ ತನಕ ಹೋಗಲಿಲ್ಲ. ಆ ಹೊತ್ತಿನ ಊಟವನ್ನೆಲ್ಲ ಮೀನಿಗೆ ಹಾಕಿದಳು. ಹಾಗೆಂದು ಮನಸ್ಸು ಕರಗಿತು ಎಂದುಕೊಳ್ಳಬೇಡಿ. ಹದಿನಾಲ್ಕು ದಿನವೂ ಬೇವಿನ ಮರದ ಕಡೆಗೇ ಮುಖ ಮಾಡಿ ಕೂತಿದ್ದಳು, ಒಂದು ದಿನವೂ ಕಡಿಮೆ ಮಾಡಲಿಲ್ಲ, ಅವನಿಗೂ ಕಡಿಮೆ ಮಾಡಗೊಡಲಿಲ್ಲ. ಭೀಮಾಶಂಕರನನ್ನು ಇವತ್ತಿಗೂ ಕ್ಷಮಿಸಿಲ್ಲ. ಗಂಡನನ್ನು ಕ್ಷಮಿಸಲು ಇನ್ನೂ ಎರಡು ವರ್ಷ ಹಿಡಿಯಿತು.